ನೆಲಬೇವಿನ ಅಣುವನ್ನು ತಿದ್ದುವುದು: ಸಸ್ಯಜನ್ಯ ಸಂಯುಕ್ತಗಳ ಮೇಲೆ ಕೆಲಸ ಶುರು ಮಾಡುವವರಿಗೆ

ಸಸ್ಯದಿಂದ ತೆಗೆದ ಸಂಯುಕ್ತವನ್ನು ರಾಸಾಯನಿಕವಾಗಿ ಮಾರ್ಪಡಿಸಿ ಅದರ ಔಷಧ ಗುಣ ಹೆಚ್ಚಿಸುವ ಪ್ರಾಜೆಕ್ಟುಗಳು ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ನಡೆಯುತ್ತವೆ. ಹೆಚ್ಚಿನವು ಸಾಗುವ ದಾರಿ ಒಂದೇ. ಅಣುವಿನಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಇದೆ, ಕಪಾಟಿನಲ್ಲಿ ಹತ್ತು ಆಸಿಡ್ ಕ್ಲೋರೈಡ್ ಬಾಟಲಿಗಳಿವೆ. ಹತ್ತು ಎಸ್ಟರ್ ತಯಾರಾಗುತ್ತವೆ. ಒಂದು ಬಗೆಯ ಕ್ಯಾನ್ಸರ್ ಜೀವಕೋಶದ ಮೇಲೆ ಹಾಕಿ ನೋಡುತ್ತಾರೆ, ಎರಡು ಸ್ವಲ್ಪ ಮೇಲು ಎಂದು ಕಾಣುತ್ತದೆ, ಪ್ರಬಂಧ ಮುಗಿಯುತ್ತದೆ. ಮೂಲ ಅಣುವಿಗೆ ಇದ್ದ ತೊಂದರೆ ಏನು, ಈ ಹತ್ತರಲ್ಲಿ ಯಾವುದು ಅದನ್ನು ನೀಗಿಸಿತು ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಎಂ.ಎಸ್ಸಿ. ಕೊನೆಯ ವರ್ಷದವರನ್ನೂ ಪಿಎಚ್.ಡಿ. ಆರಂಭಿಸುತ್ತಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ. ಉದಾಹರಣೆಗೆ ನೆಲಬೇವಿನ ಕಹಿ ಸಂಯುಕ್ತ ಆಂಡ್ರೋಗ್ರಾಫೊಲೈಡ್ ಹಿಡಿದಿದ್ದೇನೆ. ನಡುವೆ ಮಲೇರಿಯಾ ವಿರೋಧಿ ಆರ್ಟಿಮಿಸಿನಿನ್, ಕ್ಯಾನ್ಸರ್ ವಿರೋಧಿ ಕ್ಯಾಂಪ್ಟೊಥೆಸಿನ್ ಬರುತ್ತವೆ, ಏಕೆಂದರೆ ಈ ವಿದ್ಯೆಯ ಬಹುಪಾಲು ಪಾಠ ಅವುಗಳ ಚರಿತ್ರೆಯಲ್ಲೇ ಇದೆ. ಇಲ್ಲಿ ಹೇಳುವ ಕೆಲಸವೆಲ್ಲ ಫ್ಯೂಮ್ ಹುಡ್, ಕೈಗವಸು, ಕನ್ನಡಕ, ಅನುಭವಿ ಮಾರ್ಗದರ್ಶಕರು ಇರುವ ಪ್ರಯೋಗಾಲಯಕ್ಕೆ ಸೇರಿದ್ದು. ಇಲ್ಲಿ ತಯಾರಾಗುವ ಯಾವ ಪುಡಿಯೂ ಮನುಷ್ಯರ ಬಾಯಿಗೆ ಹೋಗುವಂಥದ್ದಲ್ಲ.

ಮೊದಲು ಕೊರತೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

ಲ್ಯಾಬ್ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರಬೇಕಾದ್ದು ಪ್ರಾಜೆಕ್ಟಿನ ಶೀರ್ಷಿಕೆಯಲ್ಲ, ಆ ಅಣುವಿನ ಕೊರತೆ. ನೀರಿನಲ್ಲಿ ಕರಗದು. ರಕ್ತದಲ್ಲಿ ನಿಲ್ಲದು. ಪಿತ್ತಜನಕಾಂಗ ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಗುರಿಯ ಜೊತೆಗೆ ಬೇರೆ ಪ್ರೋಟೀನುಗಳಿಗೂ ಅಂಟುತ್ತದೆ. ಹೊಟ್ಟೆಯನ್ನು ಸುಡುತ್ತದೆ. ಇವುಗಳಲ್ಲಿ ನಿಮ್ಮ ಅಣುವಿಗೆ ತಾಗುವುದು ಯಾವುದು? ಎರಡು ಮೂರು ಇದ್ದರೆ ಮೊದಲು ಒಂದನ್ನು ಆರಿಸಿಕೊಳ್ಳಿ. ಸಂಶ್ಲೇಷಣೆಯ ದಾರಿ, ಪರೀಕ್ಷೆಯ ಆಯ್ಕೆ, ಕೊನೆಗೆ ಗೆದ್ದೆವೋ ಸೋತೆವೋ ಎಂಬ ತೀರ್ಮಾನ ಎಲ್ಲವೂ ಆ ಸಾಲಿನಿಂದಲೇ ಹುಟ್ಟುತ್ತವೆ.

ಆರ್ಟಿಮಿಸಿನಿನ್ ಕಥೆ ನೋಡಿ. 1970ರ ದಶಕದ ಆರಂಭದಲ್ಲಿ ಚೀನಾದ ಟು ಯೂಯೂ ತಂಡ ಚಿಂಗ್‌ಹಾವ್ ಗಿಡದಿಂದ, ಅಂದರೆ ಆರ್ಟಿಮಿಸಿಯಾ ಆನ್ಯುವಾದಿಂದ, ಮಲೇರಿಯಾ ಪರಾವಲಂಬಿಯನ್ನು ಕೊಲ್ಲುವ ಸಾರ ತೆಗೆಯಿತು. ಕುದಿಸಿದರೆ ಗುಣ ಹೋಗುತ್ತದೆ ಎಂದು ಊಹಿಸಿ, ಕಡಿಮೆ ಉಷ್ಣದಲ್ಲಿ ಕುದಿಯುವ ಈಥರ್ ಬಳಸಿದ್ದೇ ಕೀಲಿಕೈಯಾಯಿತು. ಆ ಕೆಲಸಕ್ಕೆ 2015ರ ನೊಬೆಲ್ ಬಂತು. ಆದರೆ ಸಿಕ್ಕ ಅಣುವಿಗೆ ದೊಡ್ಡ ಅಡಚಣೆಯಿತ್ತು: ನೀರಿನಲ್ಲೂ ಕರಗದು, ಎಣ್ಣೆಯಲ್ಲೂ ಸರಿಯಾಗಿ ಕರಗದು. ಪ್ರಜ್ಞೆ ತಪ್ಪಿ ಮಲಗಿದ ಮಿದುಳು ಮಲೇರಿಯಾ ರೋಗಿಗೆ ಮಾತ್ರೆ ನುಂಗಿಸುವುದು ಹೇಗೆ? ರಸಾಯನಶಾಸ್ತ್ರಜ್ಞರು ಕೈಹಾಕಿದ್ದು ಆ ಒಂದು ಪ್ರಶ್ನೆಗೆ. ಲ್ಯಾಕ್ಟೋನಿನ (ಉಂಗುರವಾಗಿ ಮುಚ್ಚಿಕೊಂಡ ಎಸ್ಟರಿನ) ಕಾರ್ಬೊನಿಲ್ ಅನ್ನು ಸೋಡಿಯಂ ಬೋರೋಹೈಡ್ರೈಡ್‌ನಿಂದ ತಣ್ಣಗಿನ ಮೆಥನಾಲಿನಲ್ಲಿ ಅಪಕರ್ಷಿಸಿದರೆ (ರಿಡಕ್ಷನ್ ಮಾಡಿದರೆ) ಡೈಹೈಡ್ರೊಆರ್ಟಿಮಿಸಿನಿನ್ ಸಿಗುತ್ತದೆ. ಹೊಸದಾಗಿ ಹುಟ್ಟಿದ ಹೈಡ್ರಾಕ್ಸಿಲ್‌ಗೆ ಮೀಥೈಲ್ ಸೇರಿಸಿದರೆ ಆರ್ಟಿಮೀಥರ್: ಎಣ್ಣೆಯಲ್ಲಿ ಕರಗುತ್ತದೆ, ಸ್ನಾಯುವಿಗೆ ಚುಚ್ಚಬಹುದು. ಸಕ್ಸಿನಿಕ್ ಆಮ್ಲದ ಅರ್ಧ ಎಸ್ಟರ್ ಮಾಡಿದರೆ ಆರ್ಟೆಸುನೇಟ್: ಅದರ ಲವಣ ನೀರಿನಲ್ಲಿ ಕರಗುತ್ತದೆ, ನೇರ ರಕ್ತನಾಳಕ್ಕೆ ಕೊಡಬಹುದು. 2005ರಲ್ಲಿ ಬಾಂಗ್ಲಾದೇಶ, ಭಾರತ, ಇಂಡೊನೇಷ್ಯಾ, ಮ್ಯಾನ್ಮಾರ್ ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ತೀವ್ರ ಮಲೇರಿಯಾದಲ್ಲಿ ಕ್ವಿನೈನ್ ಪಡೆದವರಲ್ಲಿ ಶೇ. 22ರಷ್ಟು ಮಂದಿ ತೀರಿಕೊಂಡರೆ, ಆರ್ಟೆಸುನೇಟ್ ಪಡೆದವರಲ್ಲಿ ಶೇ. 15. ಒಂದು ಸರಳ ಅಪಕರ್ಷಣೆ, ಒಂದು ಸರಳ ಎಸ್ಟರ್. ಕಾಲೇಜು ಪ್ರಯೋಗಾಲಯದಲ್ಲಿ ಕಲಿಸುವ ಕ್ರಿಯೆಗಳಿಂದಲೇ ಇಷ್ಟು ಜೀವ ಉಳಿಯಿತು, ಏಕೆಂದರೆ ಆ ಕ್ರಿಯೆಗಳು ಸರಿಯಾದ ಕೊರತೆಗೆ ಬಿದ್ದವು.

ಅಣುವಿನ ಆಯ್ಕೆ

ನಾಲ್ಕು ಗುಣ ನೋಡಿ. ಗ್ರಾಂ ಲೆಕ್ಕದಲ್ಲಿ ಸಿಗಬೇಕು. ರಚನೆ ಸಂಶಯವಿಲ್ಲದೆ ಗೊತ್ತಿರಬೇಕು. ದೇಹದಲ್ಲಿ ಯಾವ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತದೆಂದು ಸ್ವಲ್ಪವಾದರೂ ತಿಳಿದಿರಬೇಕು. ಪರೀಕ್ಷೆಗಳನ್ನು ದಾರಿತಪ್ಪಿಸುವ ಸ್ವಭಾವ ಇರಬಾರದು.

ನಾಲ್ಕನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅರಿಶಿನದ ಕರ್ಕ್ಯುಮಿನ್ ಸುಲಭವಾಗಿ ಸಿಗುತ್ತದೆ, ಅಗ್ಗ, ನಮ್ಮ ಚಾಮರಾಜನಗರದ ಹೊಲದ ಬೆಳೆ. ಆದ್ದರಿಂದ ವಿದ್ಯಾರ್ಥಿಗಳು ಮೊದಲು ಅದರತ್ತಲೇ ಕೈಚಾಚುತ್ತಾರೆ. ನಾನು ಬೇಡ ಎನ್ನುತ್ತೇನೆ. ಕರ್ಕ್ಯುಮಿನ್ ಸ್ವತಃ ಹೊಳೆಯುತ್ತದೆ, ಬಣ್ಣ ಕೊಡುತ್ತದೆ, ಲೋಹದ ಅಯಾನುಗಳನ್ನು ಹಿಡಿಯುತ್ತದೆ, ಪ್ರೋಟೀನುಗಳ ಗಂಧಕದ ಗುಂಪುಗಳಿಗೆ ಅಂಟುತ್ತದೆ, ದ್ರಾವಣದಲ್ಲಿ ಗುಂಪುಗಟ್ಟುತ್ತದೆ, ಪಿಎಚ್ 7.4ರಲ್ಲಿ ಬೇಗನೆ ಒಡೆಯುತ್ತದೆ. ಹೀಗಾಗಿ ಯಾವ ಪರೀಕ್ಷೆಯಲ್ಲಿ ಹಾಕಿದರೂ ಏನೋ ಒಂದು ಫಲಿತಾಂಶ ಬಂದೇ ಬರುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರದ ಪ್ರಮುಖ ನಿಯತಕಾಲಿಕವೊಂದರಲ್ಲಿ ಬಂದ ದೀರ್ಘ ವಿಮರ್ಶೆ ಇದನ್ನೆಲ್ಲ ಒಂದೊಂದಾಗಿ ಬಿಡಿಸಿ ತೋರಿಸಿದೆ. ಪಳಗಿದವರಿಗೇ ಕಷ್ಟವಾದ ಅಣು ಹೊಸಬರಿಗೆ ಏಕೆ?

ಕ್ಯಾಂಪ್ಟೊಥೆಸಿನ್ ಇನ್ನೊಂದು ಆಕರ್ಷಣೆ. ಅದು ನಮ್ಮ ಪಶ್ಚಿಮ ಘಟ್ಟದ ನೊಥಾಪೊಡೈಟಿಸ್ ನಿಮ್ಮೋನಿಯಾನದಲ್ಲಿ, ಮಹಾರಾಷ್ಟ್ರದವರು ನರಕ್ಯಾ ಎನ್ನುವ ಕೆಟ್ಟ ವಾಸನೆಯ ಪುಟ್ಟ ಮರದಲ್ಲಿ, ಧಾರಾಳವಾಗಿದೆ. ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲೇ ಇದನ್ನು ತೋರಿಸಿದರು. ಅದೇ ಕಾರಣಕ್ಕೆ ಕಾಡಿನಿಂದ ಆ ಮರವನ್ನು ಬುಡಸಮೇತ ಕಡಿದು ಸಾಗಿಸಿದ್ದೂ ಆಯಿತು, ಈಗ ಅದರ ಸಂಖ್ಯೆ ಕುಗ್ಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಮರದೊಳಗೆ ಬದುಕುವ ಶಿಲೀಂಧ್ರಗಳಿಂದ ಇದೇ ಅಣುವನ್ನು ಪಡೆಯುವ ದಾರಿ ಹುಡುಕಲು ಹೊರಟದ್ದರ ಹಿಂದೆ ಈ ಆತಂಕವೂ ಇದೆ. ಅಣುವೂ ಘೋರ ವಿಷ. ಓದಿ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಕೈಯಲ್ಲಿ ಹಿಡಿಯುವುದು ಮುಂದೆಂದಾದರೂ ಆಗಲಿ.

ನೆಲಬೇವು ಈ ದೃಷ್ಟಿಯಿಂದ ಒಳ್ಳೆಯ ಆರಂಭ. ವಾರ್ಷಿಕ ಗಿಡ, ಹೊಲದಲ್ಲಿ ಬೆಳೆಯಬಹುದು, ಎಲೆಯಲ್ಲಿ ಆಂಡ್ರೋಗ್ರಾಫೊಲೈಡ್ ತೂಕದ ಶೇ. 1-2ರ ಆಸುಪಾಸು ಇರುತ್ತದೆ, ಹರಳಾಗಿ ಸಿಗುತ್ತದೆ. ಅಣುತೂಕ 350. ಕೊರತೆಯೂ ಸ್ಪಷ್ಟ: ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಬಾಯಿಯಿಂದ ಕೊಟ್ಟರೆ ರಕ್ತಕ್ಕೆ ಸೇರುವ ಪಾಲೂ ಕಡಿಮೆ.

ಗಿಡ, ಗುರುತು, ಕಾನೂನು

ಗ್ರಂಧಿಗೆ ಅಂಗಡಿಯ ಕಟ್ಟನ್ನು ನಂಬಬೇಡಿ. ಕಿರಾತಕಡ್ಡಿ ಕೇಳಿದರೆ ಎಷ್ಟೋ ಕಡೆ ನೆಲಬೇವನ್ನೇ ಕೊಡುತ್ತಾರೆ. ನಿಜವಾದ ಕಿರಾತಕಡ್ಡಿ, ಅಂದರೆ ಹಿಮಾಲಯದ ಸ್ವರ್ಟಿಯಾ ಚಿರಾಯಿತ, ಬೇರೆಯೇ ಗಿಡ, ಅದರಲ್ಲಿ ಆಂಡ್ರೋಗ್ರಾಫೊಲೈಡ್ ಇಲ್ಲ. ಹೂವಿರುವ ಗಿಡವನ್ನು ಒತ್ತಿ ಒಣಗಿಸಿ, ಊರು, ದಿನಾಂಕ, ಸಂಗ್ರಹಿಸಿದವರ ಹೆಸರು ಬರೆದು, ಸಸ್ಯಶಾಸ್ತ್ರಜ್ಞರಿಂದ ಗುರುತಿಸಿಕೊಂಡು, ಹರ್ಬೇರಿಯಂ ಒಂದರಲ್ಲಿ ಮಾದರಿ ಇಟ್ಟು ಸಂಖ್ಯೆ ಪಡೆಯಿರಿ. ನಿಮ್ಮ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗವಾಗಬಹುದು, ಬೆಂಗಳೂರಿನಲ್ಲಿ ಔಷಧಿ ಸಸ್ಯಗಳಿಗೇ ಮೀಸಲಾದ ಎಫ್‌ಆರ್‌ಎಲ್‌ಎಚ್‌ಟಿ ಸಂಗ್ರಹವಾಗಬಹುದು. ಈ ಸಂಖ್ಯೆ ಇಲ್ಲದೆ ಬರೆದ ಪ್ರಬಂಧಕ್ಕೆ ಬುನಾದಿಯೇ ಇಲ್ಲ.

2002ರ ಜೀವವೈವಿಧ್ಯ ಕಾಯ್ದೆ, ಅದಕ್ಕೆ 2023ರಲ್ಲಿ ಬಂದ ತಿದ್ದುಪಡಿ, ಎರಡನ್ನೂ ನಿಮ್ಮ ಮಾರ್ಗದರ್ಶಕರ ಜೊತೆ ಕೂತು ಓದಿ. ವಿದೇಶದ ಸಹಯೋಗಿಗೆ ಸಸ್ಯದ ಮಾದರಿ ಕಳಿಸುವ ಯೋಚನೆ ಇದ್ದರೆ, ಪೇಟೆಂಟಿನ ಯೋಚನೆ ಇದ್ದರೆ, ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ವಿಷಯ ಬಂದೇ ಬರುತ್ತದೆ. ಕೆಲಸ ಮುಗಿದ ಮೇಲೆ ಕಾಗದ ಹುಡುಕುವುದಕ್ಕಿಂತ ಮೊದಲೇ ಕೇಳುವುದು ಲೇಸು.

ಅಣುವನ್ನು ತೆಗೆಯುವುದು

ಹೂ ಬಿಡುವ ಹೊತ್ತಿಗೆ ಎಲೆ ಕೊಯ್ದು ನೆರಳಲ್ಲಿ ಒಣಗಿಸಿ ಪುಡಿ ಮಾಡಿ. 200 ಗ್ರಾಂ ಪುಡಿಗೆ ಒಂದು ಲೀಟರ್ ಮೆಥನಾಲ್ ಹಾಕಿ ರಾತ್ರಿಯಿಡೀ ನೆನೆಸಿ ಸೋಸಿ. ಹೀಗೆ ಮೂರು ಸಲ. ಸೇರಿಸಿದ ದ್ರಾವಣಕ್ಕೆ ಸಕ್ರಿಯ ಇದ್ದಿಲು ಹಾಕಿ ಕಲಕಿ ಸೋಸಿದರೆ ಹಸಿರು ಬಹುಮಟ್ಟಿಗೆ ಹೋಗುತ್ತದೆ. ಇದ್ದಿಲು ಹೆಚ್ಚಾದರೆ ನಿಮ್ಮ ಅಣುವನ್ನೂ ನುಂಗುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಹಾಕಿ. ರೋಟರಿ ಇವ್ಯಾಪೊರೇಟರಿನಲ್ಲಿ 45 ಡಿಗ್ರಿ ದಾಟದಂತೆ ಇಂಗಿಸಿ, ಉಳಿದದ್ದನ್ನು ಹೆಕ್ಸೇನಿನಿಂದ ತೊಳೆದು, ಬಿಸಿ ಮೆಥನಾಲಿನಲ್ಲಿ ಕರಗಿಸಿ, ಫ್ರಿಜ್ಜಿನಲ್ಲಿ ಹರಳು ಕಟ್ಟಲು ಬಿಡಿ. ಒಂದೆರಡು ಗ್ರಾಂ ಬಿಳಿ ಹರಳು ಸಿಕ್ಕರೆ ಚೆನ್ನಾಗಿ ಮಾಡಿದಿರಿ ಎಂದರ್ಥ.

ಹೆಚ್ಚು ಬಿಸಿ, ಪ್ರಬಲ ಆಮ್ಲ ಎರಡೂ ಈ ಅಣುವಿಗೆ ಆಗದು. ಒಂದು ನೀರಿನ ಅಣು ಕಳೆದುಕೊಂಡು ಅದು 14-ಡಿಆಕ್ಸಿ-11,12-ಡೈಡಿಹೈಡ್ರೊ ರೂಪಕ್ಕೆ ತಿರುಗುತ್ತದೆ. ಕ್ಷಾರದಲ್ಲಿ ಲ್ಯಾಕ್ಟೋನ್ ತೆರೆದುಕೊಳ್ಳುತ್ತದೆ. ಈ ಎರಡು ದುರ್ಬಲ ಸ್ಥಳಗಳನ್ನು ಈಗಲೇ ಗುರುತು ಹಾಕಿಕೊಳ್ಳಿ, ಸಂಶ್ಲೇಷಣೆಯ ಹೊತ್ತಿಗೆ ಇವೇ ನಿಮ್ಮನ್ನು ಕಾಡುವುದು.

ನಿಮ್ಮ ಹರಳನ್ನು, ಕೊಂಡು ತಂದ ಪ್ರಮಾಣಿತ ಮಾದರಿಯ ಪಕ್ಕದಲ್ಲಿ, ಟಿಎಲ್‌ಸಿ (ಸಂಯುಕ್ತಗಳನ್ನು ಬೇರ್ಪಡಿಸಿ ತೋರಿಸುವ ತೆಳುಪದರ) ತಟ್ಟೆಯ ಮೇಲೆ ಓಡಿಸಿ. ಕರಗುವ ಬಿಂದು ಸುಮಾರು 230 ಡಿಗ್ರಿ. ಅಣುತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ಮಿನಲ್ಲಿ ಸೋಡಿಯಂ ಸೇರಿದ ಗೆರೆ 373ರಲ್ಲಿ ಬರಬೇಕು. ಅಣುವಿನ ಹೈಡ್ರೋಜನ್‌ಗಳನ್ನು ತೋರಿಸುವ ಪ್ರೋಟಾನ್ ಎನ್‌ಎಂಆರ್ ತೆಗೆಸಿ, ಪ್ರತಿ ಹೈಡ್ರೋಜನ್ನಿಗೂ ಹೆಸರು ಕೊಡುವವರೆಗೆ ಮುಂದಕ್ಕೆ ಹೋಗಬೇಡಿ.

ಮುಟ್ಟಬಾರದ ಜಾಗ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು, ಮತ್ತು ಇದು ಕಾಗದದ ಮೇಲೆ ನಡೆಯುವಂಥದ್ದು. ಅಣುವಿನ ಚಿತ್ರವನ್ನು ದೊಡ್ಡದಾಗಿ ಬರೆದು, ಔಷಧ ಗುಣಕ್ಕೆ ಕಾರಣವಾದ ಭಾಗಕ್ಕೆ ಕೆಂಪು ಬಳಿಯಿರಿ. ಬದಲಿಸಿದರೂ ಗುಣ ಉಳಿಯುತ್ತದೆಂದು ತಿಳಿದ ಭಾಗಕ್ಕೆ ಹಸಿರು. ಗೊತ್ತಿಲ್ಲದ ಭಾಗ ಹಾಗೇ ಬಿಳಿಯಾಗಿರಲಿ.

ಆರ್ಟಿಮಿಸಿನಿನ್‌ನಲ್ಲಿ ಕೆಂಪು ಬಳಿಯಬೇಕಾದ್ದು ಪೆರಾಕ್ಸೈಡ್ ಸೇತುವೆಗೆ. ಅದರಲ್ಲಿ ಒಂದು ಆಮ್ಲಜನಕ ಕಳೆದ ಡಿಆಕ್ಸಿಆರ್ಟಿಮಿಸಿನಿನ್‌ಗೆ ಮಲೇರಿಯಾ ವಿರೋಧಿ ಗುಣವಿಲ್ಲ. ಬೋರೋಹೈಡ್ರೈಡ್ ಕ್ರಿಯೆಯ ಸೊಗಸು ಇರುವುದು ಇಲ್ಲೇ: ಲ್ಯಾಕ್ಟೋನನ್ನು ತಿದ್ದುತ್ತದೆ, ಪೆರಾಕ್ಸೈಡನ್ನು ಮುಟ್ಟುವುದಿಲ್ಲ.

ಕ್ಯಾಂಪ್ಟೊಥೆಸಿನ್‌ನಲ್ಲಿ ಈ ಕೆಂಪು ಗೆರೆ ದಾಟಿದ್ದರ ಬೆಲೆಯನ್ನು ಒಂದು ಪೀಳಿಗೆಯ ರೋಗಿಗಳು ತೆತ್ತರು. ಅಮೆರಿಕದ ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟಿನಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾಣಿ 1966ರಲ್ಲಿ ಚೀನಾ ಮೂಲದ ಮರದಿಂದ ಈ ಅಣುವನ್ನು ತೆಗೆದು ರಚನೆ ಪ್ರಕಟಿಸಿದರು. ಐದು ಉಂಗುರಗಳು, ಕೊನೆಯದು ಲ್ಯಾಕ್ಟೋನ್, ಅದರ ಪಕ್ಕ 20ನೇ ಇಂಗಾಲದ ಮೇಲೆ ಒಂದು ಹೈಡ್ರಾಕ್ಸಿಲ್. ಇಲಿಗಳ ಗೆಡ್ಡೆಗಳ ಮೇಲೆ ಅದ್ಭುತವಾಗಿ ಕೆಲಸ ಮಾಡಿತು. ಆದರೆ ನೀರಿನಲ್ಲಿ ಕರಗದು. ಸುಲಭದ ಉಪಾಯವೊಂದಿತ್ತು: ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಲ್ಯಾಕ್ಟೋನ್ ತೆರೆದು ಸೋಡಿಯಂ ಲವಣವಾಗುತ್ತದೆ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟದ್ದು ಆ ಲವಣವನ್ನೇ. ಗೆಡ್ಡೆ ಅಷ್ಟಾಗಿ ಕರಗಲಿಲ್ಲ, ಮೂತ್ರಕೋಶದಲ್ಲಿ ರಕ್ತಸ್ರಾವವಾಯಿತು, ಪರೀಕ್ಷೆ ನಿಂತಿತು. ತೆರೆದ ಲ್ಯಾಕ್ಟೋನಿಗೆ ಕ್ಯಾನ್ಸರ್ ವಿರೋಧಿ ಗುಣ ತೀರಾ ಕಡಿಮೆ. ಮೂತ್ರದ ಆಮ್ಲೀಯತೆಯಲ್ಲಿ ಮಾತ್ರ ಉಂಗುರ ಮತ್ತೆ ಮುಚ್ಚಿಕೊಂಡು ಅಣು ಅಲ್ಲಿ ವಿಷವಾಗುತ್ತಿತ್ತು. ಕೊರತೆ ಸರಿಯಾಗಿಯೇ ಗುರುತಿಸಿದ್ದರು, ತಿದ್ದಿದ ಜಾಗ ತಪ್ಪಾಯಿತು.

1985ರಲ್ಲಿ ಇದರ ಗುರಿ ಡಿಎನ್‌ಎಯ ಸಿಕ್ಕು ಬಿಡಿಸುವ ಟೊಪೊಐಸೊಮರೇಸ್-1 ಎಂಬ ಕಿಣ್ವ ಎಂದು ತಿಳಿದ ಮೇಲೆ ಕೆಲಸ ಮತ್ತೆ ಚಿಗುರಿತು. ಈ ಸಲ ಲ್ಯಾಕ್ಟೋನಿಗೆ ಕೈ ಹಚ್ಚಲಿಲ್ಲ. ಅಣುವಿನ ಇನ್ನೊಂದು ತುದಿಯ ಬೆಂಜೀನ್ ಉಂಗುರದ 9 ಮತ್ತು 10ನೇ ಜಾಗಗಳಲ್ಲಿ ಅಮೈನ್ ಮತ್ತು ಹೈಡ್ರಾಕ್ಸಿಲ್ ಕೂರಿಸಿದರು. ಅಮೈನ್ ಲವಣವಾಗಿ ಕರಗುತ್ತದೆ, ಲ್ಯಾಕ್ಟೋನ್ ಹಾಗೇ ಉಳಿಯುತ್ತದೆ. ಅದು ಟೊಪೊಟೆಕಾನ್, 1996ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಇರಿನೊಟೆಕಾನ್ ಇನ್ನೊಂದು ದಾರಿ ಹಿಡಿಯಿತು: 10ನೇ ಜಾಗದಲ್ಲಿ ಕರಗುವ ಬಾಲವೊಂದನ್ನು ಕಾರ್ಬಮೇಟ್ ಬಂಧದಿಂದ ಕಟ್ಟಿದರು, ದೇಹದ ಎಸ್ಟರೇಸ್ ಕಿಣ್ವ ಅದನ್ನು ಕತ್ತರಿಸಿ ನಿಜವಾದ ಔಷಧವನ್ನು ಬಿಡುಗಡೆ ಮಾಡುತ್ತದೆ.

ಈಗ ನಮ್ಮ ಆಂಡ್ರೋಗ್ರಾಫೊಲೈಡ್. ಮೂರು ಹೈಡ್ರಾಕ್ಸಿಲ್‌ಗಳು: 3, 14, 19ನೇ ಇಂಗಾಲಗಳ ಮೇಲೆ. ಲ್ಯಾಕ್ಟೋನಿಗೆ ಅಂಟಿದ ಜೋಡಿಬಂಧ 12 ಮತ್ತು 13ರ ನಡುವೆ. ಉರಿಯೂತ ತಗ್ಗಿಸುವ ಗುಣದ ಬಗ್ಗೆ 2004ರಲ್ಲಿ ಬಂದ ಅಧ್ಯಯನ, ಈ ಅಣು ಉರಿಯೂತಕ್ಕೆ ಚಾಲನೆ ಕೊಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿನ ಪಿ-50 ಘಟಕದ 62ನೇ ಸಿಸ್ಟೀನ್‌ಗೆ (ಗಂಧಕವಿರುವ ಅಮೈನೊ ಆಮ್ಲಕ್ಕೆ) ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ ಎಂದು ತೋರಿಸಿತು. ಸಿಸ್ಟೀನಿನ ಗಂಧಕ 12ನೇ ಇಂಗಾಲಕ್ಕೆ ಸೇರುತ್ತದೆ, 14ರ ಹೈಡ್ರಾಕ್ಸಿಲ್ ನೀರಾಗಿ ಹೊರಡುತ್ತದೆ. ಹಾಗಾದರೆ ಉರಿಯೂತವೇ ನಿಮ್ಮ ವಿಷಯವಾಗಿದ್ದರೆ ಜೋಡಿಬಂಧ, ಲ್ಯಾಕ್ಟೋನ್ ಎರಡೂ ಕೆಂಪು. 14 ಅರೆಗೆಂಪು. 3 ಮತ್ತು 19 ಹಸಿರು.

14ರ ವಿಷಯದಲ್ಲಿ ಎಚ್ಚರ ಬೇಕು. ಅಲ್ಲಿ ಎಸ್ಟರ್ ಮಾಡಿದರೆ ಅದು ಹೈಡ್ರಾಕ್ಸಿಲ್‌ಗಿಂತ ಸುಲಭವಾಗಿ ಹೊರಡುವ ಗುಂಪಾಗುತ್ತದೆ. ಅಣು ಹೆಚ್ಚು ಚುರುಕಾಗಿ ಸಿಸ್ಟೀನ್‌ಗಳಿಗೆ ಅಂಟುತ್ತದೆ. ಜೀವಕೋಶ ಪರೀಕ್ಷೆಯಲ್ಲಿ ಕೊಲ್ಲುವ ಶಕ್ತಿ ಹೆಚ್ಚಿದಂತೆ ಕಾಣುತ್ತದೆ. ಅದನ್ನು ಔಷಧ ಗುಣ ಎಂದು ಓದುವ ಮೊದಲು, ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟುವ ವಿಷವಾಯಿತೇ ಎಂದು ನೋಡಬೇಕು.

ಯಾವ ಕೊರತೆಗೆ ಯಾವ ತಿದ್ದುಪಡಿ

ಕರಗದ ಅಣುವಿಗೆ ಅಯಾನಾಗುವ ಹಿಡಿಕೆ ಬೇಕು: ಸಕ್ಸಿನಿಕ್ ಅರ್ಧ ಎಸ್ಟರ್, ಫಾಸ್ಫೇಟ್, ತೃತೀಯ ಅಮೈನ್. ಚೀನಾದಲ್ಲಿ ಡಿಹೈಡ್ರೊಆಂಡ್ರೋಗ್ರಾಫೊಲೈಡಿನ 3 ಮತ್ತು 19ನೇ ಜಾಗಗಳಲ್ಲಿ ಸಕ್ಸಿನೇಟ್ ಕೂರಿಸಿ, ಪೊಟ್ಯಾಸಿಯಂ ಲವಣವಾಗಿ ಚುಚ್ಚುಮದ್ದು ಮಾಡಿದ್ದಾರೆ. ಅದೇ ಚುಚ್ಚುಮದ್ದುಗಳಿಂದ ತೀವ್ರ ಅಲರ್ಜಿಯ ಪ್ರಕರಣಗಳೂ ವರದಿಯಾಗಿವೆ. ಕರಗಿಸಿದೊಡನೆ ಸುರಕ್ಷಿತವಾಯಿತು ಎಂದು ತಿಳಿಯಬಾರದು.

ಬೇಗ ಒಡೆಯುವ ಎಸ್ಟರಿನ ಜಾಗದಲ್ಲಿ ಅಮೈಡ್ ಅಥವಾ ಈಥರ್ ನಿಲ್ಲುತ್ತದೆ. ಯಕೃತ್ತಿನ ಕಿಣ್ವಗಳು ಆಕ್ಸಿಡೀಕರಿಸುವ ಇಂಗಾಲದ ಮೇಲೆ ಫ್ಲೋರಿನ್ ಕೂರಿಸಿದರೆ ಆ ದಾಳಿ ನಿಧಾನವಾಗುತ್ತದೆ. ಜೀವಕೋಶದ ಪೊರೆ ದಾಟದ ಆಮ್ಲವನ್ನು ಎಸ್ಟರ್ ಮಾಡಿ ದಾಟಿಸಬಹುದು, ಒಳಗೆ ಹೋದ ಮೇಲೆ ಕಿಣ್ವ ಅದನ್ನು ಬಿಡಿಸುತ್ತದೆ.

ಗುರಿಯೇ ಬದಲಾಗುವ ಸಾಧ್ಯತೆಯೂ ಉಂಟು. ಹಿಮಾಲಯದ ಪೊಡೊಫಿಲಮ್ ಬೇರಿನ ಪೊಡೊಫಿಲೊಟಾಕ್ಸಿನ್ ಜೀವಕೋಶ ವಿಭಜನೆಯ ಟ್ಯುಬುಲಿನ್ ಎಳೆಗಳನ್ನು ತಡೆಯುತ್ತದೆ, ವಿಪರೀತ ವಿಷ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ರಸಾಯನಶಾಸ್ತ್ರಜ್ಞರು ಅದರ ಒಂದು ಮೀಥೈಲ್ ತೆಗೆದು, 4ನೇ ಇಂಗಾಲದ ದಿಕ್ಕು ತಿರುಗಿಸಿ, ಸಕ್ಕರೆಯ ಭಾಗವೊಂದನ್ನು ಜೋಡಿಸಿದಾಗ ಹುಟ್ಟಿದ ಎಟೊಪೊಸೈಡ್, ಟ್ಯುಬುಲಿನ್ ಬಿಟ್ಟು ಟೊಪೊಐಸೊಮರೇಸ್-2ನ್ನು ಹಿಡಿಯಿತು. ಆಸ್ಪಿರಿನ್ ಕೂಡ ಹೀಗೇ. ಸ್ಯಾಲಿಸಿಲಿಕ್ ಆಮ್ಲದ ಹೊಟ್ಟೆ ಉರಿ ತಗ್ಗಲಿ ಎಂದು 1897ರಲ್ಲಿ ಬಾಯರ್ ಕಂಪನಿಯಲ್ಲಿ ಸೇರಿಸಿದ ಅಸಿಟೈಲ್ ಗುಂಪು, ಸೈಕ್ಲೊಆಕ್ಸಿಜಿನೇಸ್ ಕಿಣ್ವಕ್ಕೆ ತಾನೇ ಹೋಗಿ ಅಂಟಿಕೊಳ್ಳುತ್ತದೆ ಎಂಬುದು ದಶಕಗಳ ನಂತರ ತಿಳಿಯಿತು. ಆದ್ದರಿಂದ ಡೆರಿವೇಟಿವ್, ಅಂದರೆ ತಿದ್ದಿದ ಅಣು, ಮೂಲದಂತೆಯೇ ಕೆಲಸ ಮಾಡುತ್ತಿದೆ ಎಂದು ಪರೀಕ್ಷಿಸದೆ ಬರೆಯಬೇಡಿ.

ಮೇಜಿನ ಮೇಲೆ

ಮೊದಲು ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. 14ರಲ್ಲಿ ಅಸಿಟೇಟ್ ಮಾಡುವುದು ಔಷಧಕ್ಕಾಗಿ ಅಲ್ಲ, ಕೈ ಪಳಗಲು; ಆಯ್ದ ಒಂದೇ ಹೈಡ್ರಾಕ್ಸಿಲ್ ಮೇಲೆ ಕೆಲಸ ಮಾಡುವುದನ್ನು ಅದು ಚೆನ್ನಾಗಿ ಕಲಿಸುತ್ತದೆ. ಮೂರೂ ಹೈಡ್ರಾಕ್ಸಿಲ್ ತೆರೆದಿರುವಾಗ ಅನ್‌ಹೈಡ್ರೈಡ್ ಸುರಿದರೆ ಮಿಶ್ರಣ ಬರುತ್ತದೆ, ಅದನ್ನು ಬಿಡಿಸುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ. 3 ಮತ್ತು 19 ಒಂದಕ್ಕೊಂದು ಹತ್ತಿರ ಇವೆ. 2,2-ಡೈಮೆಥಾಕ್ಸಿಪ್ರೋಪೇನ್ ಮತ್ತು ಚಿಟಿಕೆ ಪಿರಿಡಿನಿಯಂ ಪ್ಯಾರಾ-ಟಾಲ್ವೀನ್‌ಸಲ್ಫೊನೇಟ್ ಬಳಸಿದರೆ ಎರಡೂ ಸೇರಿ ಅಸಿಟೊನೈಡ್ ಆಗಿ ಮುಚ್ಚಿಕೊಳ್ಳುತ್ತವೆ. ಇದು ಸೌಮ್ಯ ಆಮ್ಲ; ಪ್ರಬಲ ಆಮ್ಲ ಹಾಕಿದರೆ ಅಣು ನೀರು ಕಳೆದುಕೊಳ್ಳುತ್ತದೆ ಎಂದು ಆಗಲೇ ಹೇಳಿದ್ದೇನೆ. ಈಗ ತೆರೆದಿರುವುದು 14 ಒಂದೇ. ಒಣ ಡೈಕ್ಲೊರೊಮೀಥೇನಿನಲ್ಲಿ, ಐಸಿನ ಮೇಲೆ, ಅಸಿಟಿಕ್ ಅನ್‌ಹೈಡ್ರೈಡ್, ಟ್ರೈಈಥೈಲ್‌ಅಮೈನ್, ವೇಗವರ್ಧಕವಾಗಿ ಅತ್ಯಲ್ಪ ಡಿಎಂಎಪಿ. ಕೊನೆಯಲ್ಲಿ ಅಸಿಟೊನೈಡನ್ನು ನೀರು ಬೆರೆತ ಅಸಿಟಿಕ್ ಆಮ್ಲದಿಂದ ಮೆಲ್ಲಗೆ ಬಿಡಿಸಿ.

ನಿಜವಾದ ಗುರಿಗೆ, ಅಂದರೆ ಕರಗುವಿಕೆಗೆ, 19ನೇ ಜಾಗವೇ ಉತ್ತಮ. ಅದು ಪ್ರಾಥಮಿಕ ಆಲ್ಕೊಹಾಲ್. ಗಾತ್ರದಲ್ಲಿ ದೊಡ್ಡವಾದ ಸಿಲಿಲ್ ಅಥವಾ ಟ್ರಿಟೈಲ್ ರಕ್ಷಕ ಗುಂಪುಗಳು ಮೊದಲು ಅಲ್ಲಿಗೇ ಹೋಗುತ್ತವೆ. ಆ ಆಯ್ಕೆಯನ್ನು ಬಳಸಿಕೊಂಡು ನಿಮ್ಮ ಹಿಡಿಕೆಯನ್ನು ಬೇಕಾದಲ್ಲಿ ಕೂರಿಸುವ ಕ್ರಮ ಯೋಜಿಸಿ.

ಪ್ರತಿ ಹೊಸ ಕ್ರಿಯೆಯನ್ನು 50 ಮಿಲಿಗ್ರಾಂನಲ್ಲಿ ಮೊದಲು ಮಾಡಿ. ಶುರುವಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಟಿಎಲ್‌ಸಿ ನೋಡಿ. ತಟ್ಟೆಯಲ್ಲಿ ಮೂಲ ವಸ್ತು, ಕ್ರಿಯೆಯ ಮಿಶ್ರಣ, ಎರಡೂ ಒಟ್ಟಿಗೆ ಇಟ್ಟ ಚುಕ್ಕೆ, ಮೂರೂ ಇರಲಿ. ಮುಗಿಯಿತು ಎಂದು ಕಂಡೊಡನೆ ನಿಲ್ಲಿಸಿ. ಇನ್ನೊಂದು ಗಂಟೆ ಇರಲಿ ಎಂಬ ಆಸೆಗೆ ಈ ಅಣು ನೀರು ಕಳೆದುಕೊಂಡು ಉತ್ತರ ಕೊಡುತ್ತದೆ.

ಏನು ಮಾಡಿದಿರಿ ಎಂದು ಸಾಬೀತು ಮಾಡುವುದು

14ರ ಎಸ್ಟರ್ ಆಗಿದ್ದರೆ ಎನ್‌ಎಂಆರ್‌ನಲ್ಲಿ 14ನೇ ಹೈಡ್ರೋಜನ್ 5 ಪಿಪಿಎಂ ಸುತ್ತಿನಿಂದ 6ರ ಸಮೀಪಕ್ಕೆ ಜರುಗಬೇಕು. ಅದು ಜರುಗದೆ ಅಸಿಟೈಲ್ ಮಾತ್ರ ಕಂಡರೆ ಎಸ್ಟರ್ ಬೇರೆಡೆ ಕೂತಿದೆ. ಸುಮಾರು 16 ಹರ್ಟ್ಸ್ ಅಂತರದ ಹೊಸ ಜೋಡಿಬಂಧದ ಗೆರೆಗಳು ಎದ್ದರೆ 11,12-ಡೈಡಿಹೈಡ್ರೊ ರೂಪ ನುಸುಳಿದೆ. ಮಾಸ್‌ನಲ್ಲಿ 18 ಕಡಿಮೆಯಾದ ಗೆರೆ, ಯುವಿಯಲ್ಲಿ 225 ನ್ಯಾನೊಮೀಟರಿನಿಂದ 250ರತ್ತ ಸರಿದ ಶಿಖರ ಅದನ್ನು ದೃಢಪಡಿಸುತ್ತವೆ. ಬೆಂಗಳೂರಿನಲ್ಲಿರುವವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಕೇಂದ್ರದಂಥ ಸೌಲಭ್ಯಗಳು ಹತ್ತಿರದಲ್ಲೇ ಇವೆ.

ಜೀವಶಾಸ್ತ್ರದ ಪರೀಕ್ಷೆಗೆ ಹೋಗುವ ಮಾದರಿ ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ) ಕನಿಷ್ಠ ಶೇ. 95 ಶುದ್ಧವಾಗಿರಲಿ. ಔಷಧ ರಸಾಯನದ ಒಳ್ಳೆಯ ನಿಯತಕಾಲಿಕಗಳು ಕೇಳುವುದೂ ಅಷ್ಟನ್ನೇ. ಮೂಲ ಅಣು ಶೇ. 3 ಉಳಿದಿದ್ದು, ಡೆರಿವೇಟಿವ್‌ಗೆ ಸ್ವತಃ ಯಾವ ಗುಣವೂ ಇಲ್ಲದಿದ್ದರೂ, ಆ ಶೇ. 3ರ ಕೆಲಸವೇ ನಿಮ್ಮ ಫಲಿತಾಂಶವಾಗಿ ಕಾಣಬಹುದು.

ಪರೀಕ್ಷೆ

ಮೊದಲ ಪುಟದ ಸಾಲಿಗೆ ಹಿಂತಿರುಗಿ. ಕೊರತೆ ಕರಗುವಿಕೆಯಾಗಿದ್ದರೆ ಮೊದಲ ಪರೀಕ್ಷೆ ಕರಗುವಿಕೆಯದ್ದೇ: ಪಿಎಚ್ 7.4ರ ಬಫರಿನಲ್ಲಿ ಹೆಚ್ಚುವರಿ ಪುಡಿ ಹಾಕಿ 24 ಗಂಟೆ ಅಲುಗಿಸಿ, ಸೋಸಿ, ಎಚ್‌ಪಿಎಲ್‌ಸಿಯಲ್ಲಿ ಅಳೆಯಿರಿ. ಎರಡನೆಯದು ಸ್ಥಿರತೆ: ಅದೇ ಬಫರಿನಲ್ಲಿ, ಸೀರಂ ಬೆರೆಸಿದ ಮಾಧ್ಯಮದಲ್ಲಿ, 37 ಡಿಗ್ರಿಯಲ್ಲಿ, ಗಂಟೆಗಂಟೆಗೂ ಎಷ್ಟು ಉಳಿದಿದೆ ನೋಡಿ. ಎರಡು ಗಂಟೆಯಲ್ಲಿ ಪೂರ್ತಿ ಒಡೆದು ಮೂಲ ಅಣುವಾಗುವ ಎಸ್ಟರನ್ನು 48 ಗಂಟೆಯ ಜೀವಕೋಶ ಪರೀಕ್ಷೆಯಲ್ಲಿ ಅಳೆದರೆ, ಅಳೆದದ್ದು ಆಂಡ್ರೋಗ್ರಾಫೊಲೈಡನ್ನೇ.

ಆಮೇಲೆ ಜೀವಕೋಶ. ಮೂಲ ಅಣು, ಡೆರಿವೇಟಿವ್, ಗೊತ್ತಿರುವ ಔಷಧವೊಂದು, ಅಣುಗಳನ್ನು ಕರಗಿಸಲು ಬಳಸಿದ ದ್ರಾವಕ ಡಿಎಂಎಸ್‌ಒ ಮಾತ್ರ: ನಾಲ್ಕೂ ಒಂದೇ ತಟ್ಟೆಯಲ್ಲಿ, ಒಂದೇ ದಿನ. ಮೂಲ ಅಣುವಿನ ಸಂಖ್ಯೆಯನ್ನು ಬೇರೆಯವರ ಪ್ರಬಂಧದಿಂದ ಎತ್ತಿಕೊಳ್ಳಬಾರದು. ಡಿಎಂಎಸ್‌ಒ ಶೇ. 0.5 ಮೀರದಿರಲಿ. ಬೇರೆ ಬೇರೆ ದಿನಗಳಲ್ಲಿ ಕನಿಷ್ಠ ಮೂರು ಸಲ ಮಾಡಿ. ಆರೋಗ್ಯವಂತ ಜೀವಕೋಶವೊಂದನ್ನೂ ಪಕ್ಕದಲ್ಲಿಡಿ, ಇಲ್ಲದಿದ್ದರೆ ಎಲ್ಲವನ್ನೂ ಕೊಲ್ಲುವ ವಿಷವನ್ನು ಕ್ಯಾನ್ಸರ್ ಔಷಧ ಎಂದು ಕರೆಯುವ ಅಪಾಯವಿದೆ. ಜೀವಂತ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆ ಬಳಸುವವರು ತಟ್ಟೆಯ ಜೀವಕೋಶವಿಲ್ಲದ ಗುಳಿಗಳಲ್ಲೂ ಸಂಯುಕ್ತ ಹಾಕಿ ಬಣ್ಣ ಬರುತ್ತದೆಯೇ ನೋಡಿ. ಸಸ್ಯದ ಫೀನಾಲುಗಳು ಆ ಬಣ್ಣವನ್ನು ತಾವೇ ಹುಟ್ಟಿಸುತ್ತವೆ. ಕಿಣ್ವದ ಪರೀಕ್ಷೆಯಾದರೆ ಶೇ. 0.01 ಟ್ರೈಟಾನ್ ಎಂಬ ಮಾರ್ಜಕ ಸೇರಿಸಿ ಮತ್ತೆ ಮಾಡಿ. ಗುಣ ಮಾಯವಾದರೆ ಅಣುಗಳು ಗುಂಪುಗಟ್ಟಿ ಕಿಣ್ವವನ್ನು ಮುಸುಕಿದ್ದವು ಎಂದರ್ಥ. ಸಿಸ್ಟೀನ್‌ಗೆ ಅಂಟುವ ನಮ್ಮಂಥ ಅಣುವಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ: ಜೀವಕೋಶಗಳಲ್ಲಿರುವ, ಸಿಸ್ಟೀನ್ ಹೊಂದಿದ ಗ್ಲುಟಥಯೋನ್ ಜೊತೆ ಬೆರೆಸಿ ನಿಮ್ಮ ಅಣು ಎಷ್ಟು ವೇಗವಾಗಿ ಖಾಲಿಯಾಗುತ್ತದೆ ಎಂದು ಅಳೆಯುವುದು. ಪ್ರಾಣಿಗಳ ಮಾತು ಇದೆಲ್ಲ ಆದ ಮೇಲೆ, ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ ಮಾತ್ರ.

ಎರಡನೇ ಸುತ್ತು

ಫಲಿತಾಂಶಗಳನ್ನೆಲ್ಲ ಒಂದೇ ಕೋಷ್ಟಕಕ್ಕೆ ತನ್ನಿ: ಯಾವ ಜಾಗದಲ್ಲಿ ಯಾವ ಗುಂಪು, ಕರಗುವಿಕೆ, ಸ್ಥಿರತೆ, ಗುಣ, ಆರೋಗ್ಯವಂತ ಜೀವಕೋಶದ ಮೇಲಿನ ಪರಿಣಾಮ. ಸೋತ ಡೆರಿವೇಟಿವ್‌ಗಳೂ ಇರಲಿ, ಬಿಳಿಯಾಗಿ ಬಿಟ್ಟಿದ್ದ ಭಾಗಗಳಿಗೆ ಬಣ್ಣ ತುಂಬುವುದು ಅವೇ. ಬಾಯಿಯಿಂದ ಕೊಡುವ ಔಷಧದ ಅಣು ಹೇಗಿರಬೇಕೆಂಬ ಲಿಪಿನ್‌ಸ್ಕಿಯ ನಿಯಮಗಳನ್ನು, ಅಣುತೂಕ 500ರೊಳಗೆ ಮೊದಲಾದವನ್ನು, ನೋಡಿ. ಆದರೆ ಸಸ್ಯದ ಅಣುಗಳಲ್ಲಿ ಎಷ್ಟೋ ಅವನ್ನು ಮೀರಿಯೂ ಔಷಧವಾಗಿವೆ, ಆ ಒಂದೇ ಕಾರಣಕ್ಕೆ ಯಾವುದನ್ನೂ ಬಿಸಾಡಬೇಡಿ. ಮುಂದಿನ ಸುತ್ತಿಗೆ ಎರಡೋ ಮೂರೋ ಅಣು ಸಾಕು, ಪ್ರತಿಯೊಂದರ ಎದುರೂ ಅದು ಉತ್ತರಿಸಬೇಕಾದ ಪ್ರಶ್ನೆ ಬರೆದಿರಲಿ.

ಪೇಟೆಂಟಿನ ಯೋಚನೆ ಇದ್ದರೆ ಭಾರತದ ಪೇಟೆಂಟ್ ಕಾಯ್ದೆಯ 3(ಡಿ) ಕಲಮು ಓದಿ. ಗೊತ್ತಿರುವ ವಸ್ತುವಿನ ಲವಣ, ಎಸ್ಟರ್, ಈಥರ್‌ಗಳನ್ನು ಅದೇ ವಸ್ತು ಎಂದೇ ಅದು ಪರಿಗಣಿಸುತ್ತದೆ, ಪರಿಣಾಮಕಾರಿತ್ವದಲ್ಲಿ ಗಣನೀಯ ವ್ಯತ್ಯಾಸ ತೋರಿಸಿದರೆ ಮಾತ್ರ ಬೇರೆ. 2013ರಲ್ಲಿ ಕ್ಯಾನ್ಸರ್ ಔಷಧ ಗ್ಲಿವೆಕ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಪರಿಣಾಮಕಾರಿತ್ವ ಎಂದರೆ ರೋಗ ಗುಣಪಡಿಸುವ ಶಕ್ತಿ ಎಂದೇ ಹೇಳಿತು. ಅಂದರೆ ಬರೀ ಹೆಚ್ಚು ಕರಗುತ್ತದೆ ಎಂಬ ದತ್ತಾಂಶ ಸಾಲದು. ಕರಗಿದ್ದರಿಂದ ಚಿಕಿತ್ಸೆ ಎಷ್ಟು ಸುಧಾರಿಸಿತು ಎಂಬುದನ್ನೂ ತೋರಿಸಬೇಕು. ಅರ್ಜಿ ಹಾಕುವ ಮೊದಲೇ ಸಮ್ಮೇಳನದಲ್ಲಿ ರಚನೆಗಳನ್ನು ಪೋಸ್ಟರಿನಲ್ಲಿ ಹಾಕಿದರೆ ಹೊಸತನದ ಹಕ್ಕಿಗೇ ಕುತ್ತು ಬರುತ್ತದೆ, ಆದ್ದರಿಂದ ಮಾರ್ಗದರ್ಶಕರೊಂದಿಗೆ ಆ ಕ್ರಮವನ್ನು ಮೊದಲೇ ಮಾತಾಡಿಕೊಳ್ಳಿ.

ಮೊದಲ ಸುತ್ತಿನ ಪ್ರತಿ ಡೆರಿವೇಟಿವ್‌ನಿಂದ ಕನಿಷ್ಠ 10 ಮಿಲಿಗ್ರಾಂ ತೆಗೆದು, ಗಾಜಿನ ಸೀಸೆಯಲ್ಲಿ, ನೋಟ್‌ಬುಕ್ಕಿನ ಪುಟಸಂಖ್ಯೆ ಬರೆದ ಚೀಟಿ ಅಂಟಿಸಿ, ಮೈನಸ್ 20 ಡಿಗ್ರಿಯಲ್ಲಿ ಇಡಿ. ಎರಡನೇ ಸುತ್ತಿನ ತಟ್ಟೆಯಲ್ಲಿ ಹೋಲಿಕೆಗೆ ಅವು ಬೇಕು, ಹೊರತೆಗೆದ ದಿನ ಮತ್ತೊಮ್ಮೆ ಎಚ್‌ಪಿಎಲ್‌ಸಿ ನೋಡಿಯೇ ಬಳಸಬೇಕು.